ಪಾತ್ರ ಬಾಯಿ ಬಿಡುವ ಮುಂಚೆ: ಗೇಮ್ ಸದ್ದನ್ನು ಕೇಳಿ, ಬಿಡಿಸಿ, ನಿಮ್ಮದೊಂದು ಕಟ್ಟುವ ಬಗೆ

"ಗೇಮ್‌ನಲ್ಲಿ ಒಂದು ಪಾತ್ರಕ್ಕೆ ತಕ್ಕ ಸದ್ದು ಹೇಗೆ ಮಾಡುತ್ತಾರೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಜಾಸ್ತಿ ಜನ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: ಒಳ್ಳೆ ಧ್ವನಿ ಕಲಾವಿದರು ಸಿಕ್ಕರೆ ಆಯಿತು, ಅಲ್ವಾ? ಅವರು ಬೇಕು, ನಿಜ. ಆದರೆ ಅದು ಕೊನೆಯ ಕೆಲಸ. ಮನೆಯೊಳಗೆ ಕೂತಿರುವಾಗ ಬಾಗಿಲ ಬಳಿ ಚಪ್ಪಲಿ ಬಿಟ್ಟ ಸದ್ದಿಗೇ ಬಂದವರು ಯಾರು, ಅವತ್ತು ಅವರ ಮೂಡ್ ಹೇಗಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ. ಅವರು ಬಾಯಿ ಬಿಡುವುದು ಆಮೇಲೆ. ಗೇಮ್‌ನ ಪಾತ್ರವನ್ನೂ ಇದೇ ಕ್ರಮದಲ್ಲಿ ಕೇಳಬೇಕು, ಇದೇ ಕ್ರಮದಲ್ಲಿ ಕಟ್ಟಬೇಕು. ಮೊದಲು ಕಾಲು, ಆಮೇಲೆ ಉಸಿರು, ಕೊನೆಗೆ ಮಾತು.

ಉದಾಹರಣೆಗಳೆಲ್ಲ ಅಮೆರಿಕ, ಕೆನಡಾ, ಯುರೋಪಿನ ಗೇಮ್‌ಗಳವು. ಜಪಾನಿನ ಗೇಮ್‌ಗಳ ದಾರಿ ಸ್ವಲ್ಪ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಇನ್ನೊಂದು ಮಾತು: 'ಪೋರ್ಟಲ್' ಮತ್ತು 'ರೆಡ್ ಡೆಡ್ ರಿಡೆಂಪ್ಷನ್ 2' ಆಡಿ ಮುಗಿಸಿಲ್ಲದವರು 6ನೇ ಹಂತ ಬಿಟ್ಟು ಮುಂದೆ ಓದಿ. ಕಥೆಯ ಗುಟ್ಟು ಅಲ್ಲಿ ಬಯಲಾಗುತ್ತದೆ.

ಏನೇನು ಬೇಕು

ಒಂದು ಹೆಡ್‌ಫೋನ್. ದುಬಾರಿಯದ್ದೇ ಬೇಕಿಲ್ಲ, ಆದರೆ ಬ್ಲೂಟೂತ್‌ಗಿಂತ ವೈರ್ ಇರುವುದು ಒಳ್ಳೆಯದು. ಬ್ಲೂಟೂತ್‌ನಲ್ಲಿ ಸದ್ದು ಒಂದು ಚೂರು ತಡವಾಗಿ ಬರುತ್ತದೆ, ಕಾಲು ನೆಲಕ್ಕೆ ತಾಗಿದ್ದಕ್ಕೂ ಸದ್ದಿಗೂ ತಾಳೆ ಆಗುವುದಿಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ, ಸದ್ದು ಕತ್ತರಿಸಿ ನೋಡಲು ಆಡಾಸಿಟಿ. ಎರಡೂ ಉಚಿತ. ರೆಕಾರ್ಡಿಂಗ್‌ಗೆ ನಿಮ್ಮ ಫೋನ್ ಸಾಕು. ಜೊತೆಗೆ ಒಂದು ನೋಟ್‌ಬುಕ್, ಪೆನ್ನು. ಇಂಥ ಗೇಮ್ ಆಡುವಷ್ಟು ಒಳ್ಳೆ ಕಂಪ್ಯೂಟರ್ ಇಲ್ಲದವರು, ಆಡುವವರು ನಡುವೆ ಮಾತಾಡದ ಗೇಮ್‌ಪ್ಲೇ ವಿಡಿಯೊ ನೋಡಿಕೊಂಡೇ ಮೊದಲ ಆರು ಹಂತ ಮುಗಿಸಬಹುದು.

1. ಒಂದು ಪಾತ್ರ, ಹತ್ತು ನಿಮಿಷ

ಒಂದೇ ಪಾತ್ರ ಆರಿಸಿಕೊಳ್ಳಿ. ಗೇಮ್‌ನ ಆಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ ಮ್ಯೂಸಿಕ್ ಪೂರ್ತಿ ಸೊನ್ನೆಗೆ ಇಳಿಸಿ. ಸಂಗೀತ ಇದ್ದರೆ ಅದು "ಈಗ ಹೆದರು", "ಈಗ ಅಳು" ಅಂತ ಹೇಳಿಕೊಡುತ್ತಲೇ ಇರುತ್ತದೆ, ಪಾತ್ರದ ಸಣ್ಣ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಹತ್ತು ನಿಮಿಷ ಆಡಿ ರೆಕಾರ್ಡ್ ಮಾಡಿ. ಆಮೇಲೆ ಸ್ಕ್ರೀನ್ ಆಫ್ ಮಾಡಿ ಸುಮ್ನೆ ಕೇಳಿ. ಆ ಪಾತ್ರದ ಮೈಯಿಂದ ಬಂದ ಪ್ರತಿ ಸದ್ದನ್ನೂ ಬರೆದುಕೊಳ್ಳಿ. ಹೆಜ್ಜೆ, ಬಟ್ಟೆ, ಬೆಲ್ಟು, ಉಸಿರು, ನರಳಾಟ, ಏನಿದ್ದರೂ ಸರಿ.

ಎಡವುವ ಜಾಗ: ಎಲ್ಲರೂ ದೊಡ್ಡ ಹೊಡೆದಾಟದ ದೃಶ್ಯವನ್ನೇ ಆರಿಸುತ್ತಾರೆ. ಅಲ್ಲಿ ಕೇಳುವುದು ಗುಂಡು, ಬಾಂಬು ಮಾತ್ರ. ಪಾತ್ರ ಸುಮ್ಮನೆ ನಡೆಯುವ, ನಿಲ್ಲುವ, ಬಾಗಿಲು ತೆಗೆಯುವ ಜಾಗ ಆರಿಸಿ.

2. ಹೆಜ್ಜೆ ಕೇಳಿ

ಮೂರು ಪ್ರಶ್ನೆ ಹಾಕಿಕೊಳ್ಳಿ. ತೂಕ ಎಷ್ಟು? ಅವಸರ ಎಷ್ಟು? ಮೈಮೇಲೆ ಏನೇನು ತೂಗಾಡುತ್ತಿದೆ?

ಬ್ಲಿಜಾರ್ಡ್‌ನ 'ಓವರ್‌ವಾಚ್' (2016) ಇದಕ್ಕೆ ಒಳ್ಳೆ ಪಠ್ಯಪುಸ್ತಕ. ಅಲ್ಲಿ ಒಬ್ಬೊಬ್ಬ ಹೀರೊಗೂ ಬೇರೆ ಬೇರೆ ಹೆಜ್ಜೆ ಸದ್ದು. ಕೌಬಾಯ್ ಕ್ಯಾಸಿಡಿಯ ಬೂಟಿನ ಸ್ಪರ್ ಝಣ್ ಝಣ್ ಅನ್ನುತ್ತದೆ. ಸ್ಪರ್ ಅಂದರೆ ಕುದುರೆ ಸವಾರರು ಹಿಮ್ಮಡಿಗೆ ಕಟ್ಟುವ ಲೋಹದ ಮುಳ್ಳುಚಕ್ರ. ಗೋಡೆಯ ಆಚೆ ಬರುತ್ತಿರುವುದು ಅವನೇ ಅಂತ ಮುಖ ಕಾಣುವ ಮೊದಲೇ ಗೊತ್ತಾಗುತ್ತದೆ. ಎದುರಾಳಿಗಳ ಹೆಜ್ಜೆಯನ್ನು ನಮ್ಮವರ ಹೆಜ್ಜೆಗಿಂತ ಜೋರಾಗಿಯೂ ಇಟ್ಟಿದ್ದಾರೆ. ಆಟಗಾರ ಯಾರಿಗೆ ಕಿವಿ ಕೊಡಬೇಕೋ ಆ ಸದ್ದೇ ಮುಂದೆ ಬರಬೇಕು ಅನ್ನುವುದು ಅಲ್ಲಿನ ಲೆಕ್ಕ.

1998ರ 'ಥೀಫ್' ಇದನ್ನು ತಿರುಗಿಸಿ ಹಾಕಿತು. ಅದರಲ್ಲಿ ನೀವು ಗ್ಯಾರೆಟ್ ಅನ್ನುವ ಕಳ್ಳ. ಜಮಖಾನೆ ಮೇಲೆ ನಡೆದರೆ ಸದ್ದಿಲ್ಲ, ಕಬ್ಬಿಣದ ಹಲಗೆ ಮೇಲೆ ಕಾಲಿಟ್ಟರೆ ಕಾವಲುಗಾರನಿಗೆ ಕೇಳುತ್ತದೆ. ಅರ್ಧ ಗಂಟೆ ಆಡುವಷ್ಟರಲ್ಲಿ ನಿಮ್ಮ ಹೆಜ್ಜೆಗೆ ನೀವೇ ಹೆದರಲು ಶುರು ಮಾಡುತ್ತೀರಿ. ಕಳ್ಳನ ಮನಸ್ಸು ಅಂದರೆ ಅದೇ ತಾನೆ?

ಆದರೆ ಒಂದೇ ಪಾತ್ರ ಕೇಳಲು ಸಮಯವಿದ್ದರೆ 'ಬಯೋಶಾಕ್' (2007) ಗೇಮ್‌ನ ಬಿಗ್ ಡ್ಯಾಡಿಯನ್ನೇ ಕೇಳಿ ಅಂತ ನಾನು ಹೇಳುತ್ತೇನೆ. ಸಮುದ್ರದ ತಳದಲ್ಲಿ ಹಾಳಾಗಿರುವ ನಗರ. ಅಲ್ಲಿ ಹಳೆ ಕಾಲದ ಮುಳುಗುಗಾರರ ಉಡುಪು ತೊಟ್ಟ ದೈತ್ಯ, ಅವನ ಜೊತೆ ಲಿಟಲ್ ಸಿಸ್ಟರ್ ಅನ್ನುವ ಪುಟ್ಟ ಹುಡುಗಿ. ಅವಳನ್ನು ಕಾಯುವುದೇ ಅವನ ಕೆಲಸ. ಹೆಜ್ಜೆ ನೆಲ ಅದುರಿಸುವಂಥದ್ದು, ಕಬ್ಬಿಣದ್ದು. ಅಷ್ಟೇ ಇದ್ದಿದ್ದರೆ ಅವನು ಇನ್ನೊಂದು ರಾಕ್ಷಸ ಆಗಿ ಮುಗಿಯುತ್ತಿದ್ದ. ಆದರೆ ಅವನ ಬಾಯಿಂದ ಬರುವುದು ತಿಮಿಂಗಿಲ ನರಳಿದಂಥ ಉದ್ದನೆಯ, ದುಃಖದ ಸದ್ದು. ಹುಡುಗಿಯನ್ನು ಕರೆಯಲು ಗೋಡೆಯ ಕಿಂಡಿಯನ್ನು ಬಡಿಯುತ್ತಾನೆ. ಆ ಬಡಿತದಲ್ಲಿ ಸಿಟ್ಟಿಲ್ಲ, ಮಗುವನ್ನು ಎಬ್ಬಿಸಲು ಬಾಗಿಲು ತಟ್ಟುವ ಅಪ್ಪ ಇದ್ದಾನೆ. ನೀವು ಕೆಣಕದಿದ್ದರೆ ಅವನು ನಿಮ್ಮ ಸುದ್ದಿಗೆ ಬರುವುದಿಲ್ಲ. ಕೆಣಕಿ ಕೊಂದರೆ ಹುಡುಗಿ ಅವನ ಪಕ್ಕ ಕೂತು ಅಳುತ್ತಾಳೆ. ಒಂದೇ ಒಂದು ಪದ ಆಡದ ಪಾತ್ರದ ಬಗ್ಗೆ ನಿಮಗೆ ಪಾಪಪ್ರಜ್ಞೆ ಹುಟ್ಟುತ್ತದೆ. ಭಾರವಾದ ಹೆಜ್ಜೆಗೆ ಮೆದುವಾದ ದನಿ ಜೋಡಿಸಿದ್ದೇ ಇದರ ಗುಟ್ಟು. ನೋಟ್‌ಬುಕ್‌ನಲ್ಲಿ ಇದನ್ನು ದೊಡ್ಡದಾಗಿ ಬರೆದಿಡಿ: ಪಾತ್ರದ ಎರಡು ಸದ್ದುಗಳು ಒಂದಕ್ಕೊಂದು ಜಗಳ ಆಡಬೇಕು.

3. ಉಸಿರು ಕೇಳಿ

ಕಥೆಗಾರರು ಮರೆಯುವುದು ಇದನ್ನೇ. ಮಾತನ್ನು ಪಾತ್ರ ಯೋಚಿಸಿ ಆಡುತ್ತದೆ, ಉಸಿರನ್ನು ಯೋಚಿಸಿ ಬಿಡುವುದಿಲ್ಲ. ಹಾಗಾಗಿ ಉಸಿರಿಗೆ ಸುಳ್ಳು ಹೇಳುವುದು ಕಷ್ಟ.

2008ರ 'ಡೆಡ್ ಸ್ಪೇಸ್'ನಲ್ಲಿ ನಾಯಕ ಐಸಾಕ್ ಕ್ಲಾರ್ಕ್ ಒಬ್ಬ ಇಂಜಿನಿಯರ್. ಸೈನಿಕ ಅಲ್ಲ, ಅದು ಮುಖ್ಯ. ಆ ಗೇಮ್‌ನಲ್ಲಿ ಅವನು ಮಾತೇ ಆಡುವುದಿಲ್ಲ. ಏದುಸಿರು, ನರಳಾಟ, ಕಾಲಿಂದ ಹೆಣ ತುಳಿಯುವಾಗಿನ ಕೂಗು, ಇಷ್ಟೇ. ಸಾಮಾನ್ಯ ಮನುಷ್ಯ ಹೆದರಿದ್ದಾನೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. 2023ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅವನಿಗೆ ಮಾತು ಕೊಟ್ಟರು. ಕೊಟ್ಟ ಮೇಲೂ ಉಸಿರನ್ನು ಬಿಡಲಿಲ್ಲ. ಎದೆಬಡಿತ, ದಣಿವು, ಗಾಯ ನೋಡಿಕೊಂಡು ಉಸಿರು ಬದಲಾಗುತ್ತದೆ. ಅದೇ ಮಾತನ್ನು ಮಾಮೂಲಿಯಾಗಿ, ದಣಿದಾಗ, ಗಾಯಗೊಂಡಾಗ ಅಂತ ಮೂರು ರೀತಿ ರೆಕಾರ್ಡ್ ಮಾಡಿದ್ದಾರೆ. ಓಡಿ ಬಂದ ತಕ್ಷಣ ಐಸಾಕ್ ಮಾತಾಡಿದರೆ ಏದುಸಿರಿನ ಸಾಲು ಬರುತ್ತದೆ.

'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' (2020) ಕೂಡ ಎದೆಬಡಿತದ ಲೆಕ್ಕ ಇಟ್ಟು ಉಸಿರು ಬದಲಿಸುತ್ತದೆ. ಹುಲ್ಲಿನಲ್ಲಿ ಮಲಗಿ ಅಡಗಿರುವ ನಾಯಕಿ ಎಲೀಯ ಉಸಿರು ಕೇಳಿ, ಆಮೇಲೆ ಯಾರನ್ನಾದರೂ ಕೊಂದ ನಂತರದ ಉಸಿರು ಕೇಳಿ. ಎರಡರ ನಡುವಿನ ಅಂತರವನ್ನು ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆಯಿರಿ. ಈ ಹಂತದ ಹೋಮ್‌ವರ್ಕ್ ಅದೇ.

ಡೆನ್ಮಾರ್ಕಿನ ಪ್ಲೇಡೆಡ್ ಸ್ಟುಡಿಯೊದ 'ಇನ್‌ಸೈಡ್' (2016) ಇನ್ನೂ ವಿಚಿತ್ರ. ಅದರ ಹುಡುಗನೂ ಮಾತಾಡುವುದಿಲ್ಲ. ಅಲ್ಲಿನ ಸದ್ದಿನ ಮುಖ್ಯಸ್ಥ ಮಾರ್ಟಿನ್ ಸ್ಟಿಗ್ ಆಂಡರ್ಸನ್ ಸದ್ದುಗಳನ್ನು ಒಂದು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ರೆಕಾರ್ಡ್ ಮಾಡಿದರು. ನಮ್ಮ ದನಿ ನಮಗೆ ಎಲುಬಿನ ಮೂಲಕವೂ ಕೇಳುತ್ತದೆ. ಅದಕ್ಕೇ ರೆಕಾರ್ಡ್ ಮಾಡಿದ ನಮ್ಮ ದನಿ ನಮಗೆ ಬೇರೆ ಯಾರದ್ದೋ ಅನಿಸುತ್ತದೆ. ಆ 'ಒಳಗಿನ' ಗುಣವನ್ನು ಅವರು ಸದ್ದಿಗೆ ತಂದರು. ನೀವು ಬುರುಡೆ ಹುಡುಕಿಕೊಂಡು ಹೋಗಬೇಡಿ ಮಾರಾಯ್ರೇ, ಸ್ಟೀಲ್ ಪಾತ್ರೆ, ಮಣ್ಣಿನ ಕೊಡದೊಳಗೆ ಸಣ್ಣ ಸ್ಪೀಕರ್ ಇಟ್ಟು ಅದೇ ಸದ್ದನ್ನು ಹಾಕಿ, ಮತ್ತೆ ರೆಕಾರ್ಡ್ ಮಾಡಿ ನೋಡಿ. ತತ್ವ ಅರ್ಥವಾಗುತ್ತದೆ.

ಎಡವುವ ಜಾಗ: ಉಸಿರಿನ ಸದ್ದು ಒಂದೇ ಸಮನೆ ಕೇಳುತ್ತಿದ್ದರೆ ಎರಡೇ ನಿಮಿಷಕ್ಕೆ ಕಿರಿಕಿರಿ. ಪಾತ್ರ ಸುಮ್ಮನಿದ್ದಾಗ ಉಸಿರೂ ತಗ್ಗಬೇಕು. ಯಾವಾಗ ಕೇಳಬಾರದು ಅಂತ ಮೊದಲು ತೀರ್ಮಾನ ಮಾಡಿ.

4. ಈಗ ಮಾತು

ಇಲ್ಲೂ ಮಾತಿನ ಅರ್ಥಕ್ಕೆ ಹೋಗಬೇಡಿ, ದನಿಯ ಮೇಲ್ಮೈ ಕೇಳಿ. ನಯವಾಗಿದೆಯಾ, ಒಡೆದಿದೆಯಾ, ಲೋಹದ ಹಾಗಿದೆಯಾ?

ವಾಲ್ವ್ ಕಂಪನಿಯ 'ಪೋರ್ಟಲ್' (2007) ಗೇಮ್‌ನ ಗ್ಲಾಡೋಸ್ ಒಂದು ಕಂಪ್ಯೂಟರ್. ದನಿ ಕೊಟ್ಟವರು ಎಲೆನ್ ಮೆಕ್‌ಲೇನ್. ಕಂಪ್ಯೂಟರ್ ಬರಹ ಓದುವಾಗ ಬರುವ ಚಪ್ಪಟೆ ರಾಗವನ್ನು ಅವರು ಅನುಕರಿಸಿ ಮಾತಾಡಿದ್ದಾರೆ, ಅದರ ಮೇಲೆ ಇನ್ನಷ್ಟು ಸಂಸ್ಕರಣೆ ಮಾಡಿದ್ದಾರೆ. ಅದೇ ಗೇಮ್‌ನ ಗುಂಡು ಹಾರಿಸುವ ಟರೆಟ್‌ಗಳಿಗೂ ದನಿ ಅವರದ್ದೇ. ಅಲ್ಲಿ ಮಾತ್ರ ಪುಟ್ಟ ಮಗುವಿನ ಮುದ್ದು ದನಿ. ಕೊಲ್ಲುವ ಯಂತ್ರ ಮುದ್ದಾಗಿ ಮಾತಾಡುತ್ತದೆ. 2ನೇ ಹಂತದಲ್ಲಿ ಹೇಳಿದ ಜಗಳ ಇಲ್ಲೂ ಇದೆ, ನೋಡಿ. 2004ರ 'ಹಾಫ್-ಲೈಫ್ 2'ನಲ್ಲಿ ಪೊಲೀಸ್ ರೇಡಿಯೊದಲ್ಲಿ ಕೇಳುವ ತಣ್ಣನೆಯ ಹೆಣ್ಣು ದನಿಯೂ ಇವರದ್ದೇ. ಆ ಗೇಮ್‌ನ ಮುಖವಾಡದ ಸೈನಿಕ ಸತ್ತರೆ ಆಸ್ಪತ್ರೆ ಮಾನಿಟರ್‌ನಲ್ಲಿ ನಾಡಿ ನಿಂತಾಗಿನಂಥ ಉದ್ದನೆಯ ಕೂಯ್ ಕೇಳಿಸುತ್ತದೆ. ಮುಖವೇ ಇಲ್ಲದವನನ್ನು ಅರ್ಧ ಯಂತ್ರ ಮಾಡಿಬಿಟ್ಟಿದ್ದರು ಅನ್ನುವ ಕಥೆ ಆ ಒಂದು ಸದ್ದಿನಲ್ಲಿದೆ.

ದುಡ್ಡಿಲ್ಲ, ಕಲಾವಿದರಿಲ್ಲ ಅನ್ನುವವರು 'ಅಂಡರ್‌ಟೇಲ್' (2015) ಕೇಳಿ. ಅಕ್ಷರಗಳು ಒಂದೊಂದಾಗಿ ಮೂಡುವಾಗ ಚಿಕ್ಕ 'ಬ್ಲಿಪ್' ಸದ್ದು, ಮುಖ್ಯ ಪಾತ್ರಗಳಿಗೆ ಬೇರೆ ಬೇರೆ ಬ್ಲಿಪ್. ಅಷ್ಟರಲ್ಲೇ ಸೋಮಾರಿ ಸ್ಯಾನ್ಸ್ ಬೇರೆ, ಗಡಿಬಿಡಿಯ ಪಪೈರಸ್ ಬೇರೆ. 'ಸೆಲೆಸ್ಟ್' (2018) ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಿಂಥಸೈಜರ್, ಅಂದರೆ ಸದ್ದನ್ನು ಯಂತ್ರದಲ್ಲೇ ಹುಟ್ಟಿಸುವ ವಾದ್ಯದಿಂದ ಅರ್ಥವಿಲ್ಲದ ಮಾತು ಮಾಡಿತು. ಪದ ಒಂದೂ ತಿಳಿಯುವುದಿಲ್ಲ, ಮೂಡ್ ಪೂರ್ತಿ ತಿಳಿಯುತ್ತದೆ.

5. ಯಾರ ಕಿವಿಯಲ್ಲಿ ಕೇಳುತ್ತಿದ್ದೇವೆ?

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ನಿಂಜಾ ಥಿಯರಿ ಸ್ಟುಡಿಯೊ ಮಾಡಿದ 'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್' (2017) ಶುರುವಿನಲ್ಲೇ ಹೆಡ್‌ಫೋನ್ ಹಾಕಿಕೊಳ್ಳಿ ಅನ್ನುತ್ತದೆ. ನಾಯಕಿ ಸೆನುವಾಗೆ ಮನೋರೋಗ, ಅವಳಿಗೆ ದನಿಗಳು ಕೇಳುತ್ತವೆ. ಆ ದನಿಗಳನ್ನು ಬೈನಾರಲ್ ರೀತಿಯಲ್ಲಿ ರೆಕಾರ್ಡ್ ಮಾಡಿದ್ದಾರೆ. ಮನುಷ್ಯನ ಎರಡು ಕಿವಿಗಳಷ್ಟು ಅಂತರದಲ್ಲಿ, ಕಿವಿಯ ಆಕಾರದೊಳಗೇ ಎರಡು ಮೈಕ್ ಇಡುವ ವಿಧಾನ ಅದು. ನಟಿಯರು ಮೈಕ್ ಸುತ್ತ ಓಡಾಡಿ ಪಿಸುಗುಟ್ಟಿದರೆ ನಿಮ್ಮ ಕುತ್ತಿಗೆ ಹಿಂದೆಯೇ ಯಾರೋ ನಿಂತ ಹಾಗೆ ಕೇಳುತ್ತದೆ. ಒಂದು ದನಿ ಹಂಗಿಸುತ್ತದೆ, ಒಂದು ಎಚ್ಚರಿಸುತ್ತದೆ, ಇನ್ನೊಂದು ನಗುತ್ತದೆ. ನೀವು ಸೆನುವಾಳನ್ನು ನೋಡುತ್ತಿಲ್ಲ, ಅವಳ ತಲೆಯೊಳಗೆ ಕೂತಿದ್ದೀರಿ. 2018ರಲ್ಲಿ ಇದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಆಡಿಯೊ ಪ್ರಶಸ್ತಿ ಬಂತು.

'ಓವರ್‌ವಾಚ್'ನಲ್ಲಿ ಇದೇ ಮಾತು ಬೇರೆ ರೂಪದಲ್ಲಿದೆ. ಹಾನ್ಜೊ ಅನ್ನುವ ಹೀರೊ ತನ್ನ ದೊಡ್ಡ ದಾಳಿಗೆ ಕೂಗುವಾಗ ಅವನ ಪಕ್ಷದವರಿಗೆ ಇಂಗ್ಲಿಷ್ ಕೇಳುತ್ತದೆ, ಎದುರಾಳಿಗಳಿಗೆ ಜಪಾನಿ ಕೇಳುತ್ತದೆ. ಮನುಷ್ಯ ಒಬ್ಬನೇ. ಗೆಳೆಯನಿಗೆ ಬೇರೆ, ಶತ್ರುವಿಗೆ ಬೇರೆ.

ಎಡವುವ ಜಾಗ ಎರಡು. ಬೈನಾರಲ್ ಸದ್ದನ್ನು ಟಿವಿ ಸ್ಪೀಕರ್‌ನಲ್ಲಿ ಹಾಕಿದರೆ ಅದರ ಮಜಾ ಪೂರ್ತಿ ಹೋಗುತ್ತದೆ. ಇನ್ನೊಂದು ಗಂಭೀರವಾದದ್ದು. 'ಹುಚ್ಚು' ತೋರಿಸಲು ಸುಮ್ನೆ ನಾಲ್ಕು ಪಿಸುಮಾತು, ಒಂದು ಕಿಲಕಿಲ ನಗು ಹಾಕಿಬಿಡಬೇಡಿ. ನಿಂಜಾ ಥಿಯರಿಯವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ, ಪ್ರೊಫೆಸರ್ ಪಾಲ್ ಫ್ಲೆಚರ್ ಜೊತೆಗೂ, ನಿಜವಾಗಿ ದನಿಗಳನ್ನು ಕೇಳುವ ಜನರ ಜೊತೆಗೂ ಕೂತು ಕೆಲಸ ಮಾಡಿದರು. ಅಷ್ಟು ಮಾಡಲು ಆಗದಿದ್ದರೆ ಬೇರೆ ಪಾತ್ರ ಆರಿಸಿಕೊಳ್ಳಿ.

6. ಸದ್ದು ತಿರುಗುವ ಜಾಗ ಗುರುತಿಸಿ

ಪಾತ್ರ ಬದಲಾದಾಗ ಸದ್ದೂ ಬದಲಾಗಬೇಕು. 'ಪೋರ್ಟಲ್' ಕೊನೆಯಲ್ಲಿ ಗ್ಲಾಡೋಸ್‌ನ ಒಂದು ಭಾಗ ಕಳಚಿ ಬೀಳುತ್ತದೆ, ಅವಳನ್ನು ಹದ್ದಿನಲ್ಲಿಟ್ಟಿದ್ದ ಭಾಗ ಅದು. ಅದನ್ನು ಸುಟ್ಟ ತಕ್ಷಣ ದನಿಯಿಂದ ಯಂತ್ರದ ಗುಣ ಕಳಚುತ್ತದೆ. ಹೆಂಗಸಿನ ಮೆಲುವಾದ, ಮಾದಕವಾದ ದನಿ ಹೊರಬರುತ್ತದೆ. ಮನುಷ್ಯಳಾದಷ್ಟೂ ಜಾಸ್ತಿ ಅಪಾಯ! 'ರೆಡ್ ಡೆಡ್ ರಿಡೆಂಪ್ಷನ್ 2' (2018) ಇದನ್ನು ನಿಧಾನವಾಗಿ ಮಾಡುತ್ತದೆ. ಕಥೆ ನಡೆಯುವುದು 1899ರಲ್ಲಿ. ನಾಯಕ ಆರ್ಥರ್ ಮಾರ್ಗನ್‌ಗೆ ಕ್ಷಯ ತಗುಲುತ್ತದೆ. ಕಾಯಿಲೆಯ ಹೆಸರು ಕಿವಿಗೆ ಬೀಳುವ ಮೊದಲೇ ಕೆಮ್ಮು ಬಂದಿರುತ್ತದೆ. ಆಟಗಾರ "ಇದೇನಿದು ಕೆಮ್ಮು" ಅಂದುಕೊಳ್ಳುವುದು ಆರ್ಥರ್ ಅಂದುಕೊಳ್ಳುವ ಹೊತ್ತಿಗೇ.

7. ನಿಮ್ಮ ಪಾತ್ರದ ಹಾಳೆ ಬರೆಯಿರಿ

ರೆಕಾರ್ಡ್ ಮಾಡುವ ಮುಂಚೆ ಒಂದು ಹಾಳೆ. ಉದಾಹರಣೆಗೆ, ಬಂದರಿನ ಗೋದಾಮು ಕಾಯುವ ಮುದುಕ, ಹಿಂದೆ ಸೈನಿಕ. ಹೆಜ್ಜೆ: ಬಲಗಾಲು ಊರುತ್ತಾನೆ, ಎಡಗಾಲು ಎಳೆಯುತ್ತಾನೆ. ಉಸಿರು: ಮೂಗಿನಿಂದ, ಅಳತೆ ಮಾಡಿದ ಹಾಗೆ. ಸೊಂಟದಲ್ಲಿ ದೊಡ್ಡ ಕೀಲಿ ಗೊಂಚಲು. ಎಲ್ಲರೂ ಇಲ್ಲಿ ಝಣ್ ಝಣ್ ಸದ್ದು ಸೇರಿಸಿಬಿಡುತ್ತಾರೆ. ತಡೆಯಿರಿ. ಇವನು ಸೈನಿಕ, ಸದ್ದಾಗದ ಹಾಗೆ ಗೊಂಚಲನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ನಡೆಯುತ್ತಾನೆ. ಕೈ ಬಿಡುವುದು ಒಂದೇ ಸಲ, ಹೆದರಿದಾಗ.

ಪಾತ್ರ ಯಾವ ಸದ್ದನ್ನು ಬಚ್ಚಿಡುತ್ತದೆ ಅನ್ನುವ ಸಾಲು ಹಾಳೆಯಲ್ಲಿ ಇರಲೇಬೇಕು.

8. ರೆಕಾರ್ಡ್ ಮಾಡಿ, ಕಟ್ಟಿ

ದೃಶ್ಯಕ್ಕೆ ತಕ್ಕಂತೆ ಹೆಜ್ಜೆ, ಬಟ್ಟೆ, ಸಾಮಾನಿನ ಸದ್ದನ್ನು ಕೈಯಾರೆ ಮಾಡಿ ರೆಕಾರ್ಡ್ ಮಾಡುವುದಕ್ಕೆ 'ಫೋಲಿ' ಅನ್ನುತ್ತಾರೆ. ಅಡುಗೆಮನೆಯೇ ಇದಕ್ಕೆ ಗೋದಾಮು. ಹರಿವೆ ದಂಟು ಮುರಿದರೆ ಎಲುಬು ಮುರಿದ ಸದ್ದು. ಬಟ್ಟೆ ಚೀಲದಲ್ಲಿ ಕಾರ್ನ್‌ಫ್ಲೋರ್ ಹಾಕಿ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ. ತೆಂಗಿನ ಕರಟ ಎರಡು ಇದ್ದರೆ ಕುದುರೆ ಬಂತು.

ಫ್ಯಾನ್ ಆರಿಸಿ. ಫ್ರಿಜ್ ಇರುವ ಕೋಣೆ ಬೇಡ. ನಾನು ಮೊದಲ ಸಲ ಮಾಡಿದ ಅಷ್ಟೂ ಹೆಜ್ಜೆಗಳ ಹಿಂದೆ ಸೀಲಿಂಗ್ ಫ್ಯಾನ್ ಗಿರಗಿರ ಅನ್ನುತ್ತಿತ್ತು, ಎಲ್ಲ ಬಿಸಾಡಬೇಕಾಯಿತು. ಗೋಡೆಗೆ ಕಂಬಳಿ ನೇತುಹಾಕಿ, ಇಲ್ಲವೇ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಮಾಡಿ. ಗೋಡೆಯ ಪ್ರತಿಧ್ವನಿ ಕಮ್ಮಿಯಾಗುತ್ತದೆ. ಫೋನ್‌ನಲ್ಲಿ 'ವೇವ್' ಫೈಲ್ ಆಗಿ ಉಳಿಸುವ ಆ್ಯಪ್ ಬಳಸಿ, ಎಂಪಿ3 ಬೇಡ.

ಒಂದೊಂದು ಹೆಜ್ಜೆಯನ್ನೂ ಕಮ್ಮಿ ಅಂದರೆ ಎಂಟು ಹತ್ತು ಸಲ ರೆಕಾರ್ಡ್ ಮಾಡಿ. ಒಂದೇ ಫೈಲ್ ಮತ್ತೆ ಮತ್ತೆ ಬಂದರೆ ಹೊಲಿಗೆ ಯಂತ್ರದ ಹಾಗೆ ಟಕ ಟಕ ಅನ್ನುತ್ತದೆ, ಕಿವಿ ಕೂಡಲೇ ಹಿಡಿದುಬಿಡುತ್ತದೆ. ಪ್ರತಿ ಸಲ ಯಾವುದೋ ಒಂದು ಫೈಲ್ ಬರುವ ಹಾಗೆ, ಅದರ ಶ್ರುತಿ ಒಂದು ಚೂರು ಮೇಲೆ ಕೆಳಗೆ ಆಗುವ ಹಾಗೆ ಮಾಡಬೇಕು.

ಅದಕ್ಕೆ 'ಮಿಡಲ್‌ವೇರ್' ಬೇಕು. ಸದ್ದಿನ ಫೈಲ್‌ಗಳಿಗೂ ಗೇಮ್‌ಗೂ ನಡುವೆ ಕೂತು, ಯಾವಾಗ ಯಾವ ಸದ್ದು ಎಷ್ಟು ಜೋರಾಗಿ ಬರಬೇಕು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಎಫ್‌ಮಾಡ್ ಮತ್ತು ವೈಸ್ ಹೆಸರಾದವು. ಹೊಸಬರು ಎಫ್‌ಮಾಡ್ ಹಿಡಿಯಿರಿ. 'ಸೆಲೆಸ್ಟ್' ಗೇಮ್‌ನ ಇಡೀ ಎಫ್‌ಮಾಡ್ ಪ್ರಾಜೆಕ್ಟನ್ನು ಕಲಿಯುವವರಿಗಾಗಿ ಹೊರಗೆ ಬಿಟ್ಟಿದ್ದಾರೆ. ತೆರೆದು ಒಂದೊಂದೇ ಸದ್ದು ಬಿಚ್ಚಿ ನೋಡಿ. ಯಾವ ಕ್ಲಾಸಿಗಿಂತಲೂ ಅದು ಮೇಲು. ನಿಮ್ಮ ಪ್ರಾಜೆಕ್ಟ್‌ನಲ್ಲಿ 'ಹೆದರಿಕೆ' ಅಂತ ಒಂದು ಪ್ಯಾರಾಮೀಟರ್ ಮಾಡಿಕೊಳ್ಳಿ. ಪ್ಯಾರಾಮೀಟರ್ ಅಂದರೆ ಗೇಮ್ ತಿರುಗಿಸುವ ಒಂದು ಗುಂಡಿ ಅಂದುಕೊಳ್ಳಿ, ಸೊನ್ನೆಯಿಂದ ನೂರರವರೆಗೆ. ಅದು ಏರಿದಂತೆ ಮುದುಕನ ಉಸಿರು ಮೂಗಿನಿಂದ ಬಾಯಿಗೆ ಬರಲಿ, ಎಳೆಯುವ ಕಾಲಿನ ಸದ್ದು ಉದ್ದವಾಗಲಿ. ಎಂಬತ್ತು ದಾಟಿದಾಗ ಅವನು ಕೀಲಿ ಗೊಂಚಲನ್ನು ಒಂದೇ ಸಲ ಕೈ ಬಿಡಲಿ.

ಎಡವುವ ಜಾಗ: ಬೇರೆ ಗೇಮ್‌ಗಳಿಂದ ಕಿತ್ತ ಸದ್ದನ್ನು ನಿಮ್ಮ ಗೇಮ್‌ಗೆ ಹಾಕಬೇಡಿ. ಜನ ಸದ್ದಿನ ಫೈಲ್ ಹಂಚಿಕೊಳ್ಳುವ ಫ್ರೀಸೌಂಡ್‌ನಂಥ ತಾಣದಿಂದ ತೆಗೆದುಕೊಂಡರೂ ಪ್ರತಿ ಫೈಲ್‌ನ ಲೈಸೆನ್ಸ್ ಓದಿ. ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

9. ಕಣ್ಣು ಮುಚ್ಚಿಸಿ ಕೇಳಿಸಿ

ಒಂದು ನಿಮಿಷದ ಸದ್ದು ಜೋಡಿಸಿ. ಸಂಗೀತ ಬೇಡ, ಮಾತು ಬೇಡ. ಗೇಮ್ ಆಡದ ಯಾರನ್ನಾದರೂ ಕೂರಿಸಿ, ಅಮ್ಮನೋ ಪಕ್ಕದ ಮನೆಯವರೋ ಆದರೆ ಒಳ್ಳೆಯದು. ಗೇಮ್ ಆಡುವ ಗೆಳೆಯರು ಮರ್ಯಾದೆಗೆ ಹೊಗಳಿಬಿಡುತ್ತಾರೆ. ಪಾತ್ರದ ಬಗ್ಗೆ ಏನೂ ಹೇಳದೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಲು ಹೇಳಿ. ಮುಗಿದ ಮೇಲೆ "ಚೆನ್ನಾಗಿದೆಯಾ" ಅಂತ ಕೇಳಬೇಡಿ. "ವಯಸ್ಸೆಷ್ಟಿರಬಹುದು? ಏನು ಕೆಲಸ ಮಾಡುತ್ತಿರಬಹುದು? ಎಲ್ಲಿ ಹೆದರಿದ?" ಅಂತ ಮೂರು ಪ್ರಶ್ನೆ ಮಾತ್ರ.

ಮೊದಲ ಎರಡಕ್ಕೆ ಉತ್ತರ ತಪ್ಪಿದರೂ ಪರವಾಗಿಲ್ಲ, ಹೆಜ್ಜೆಗೆ ಇನ್ನೊಂದು ಸಲ ಕೈ ಹಾಕಿದರಾಯಿತು. ಮೂರನೆಯದಕ್ಕೆ ಅವರು "ಆ ಕೀಲಿ ಸದ್ದಾಯ್ತಲ್ಲ, ಅಲ್ಲಿ" ಅಂದರೆ ಫೈಲ್ ಉಳಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿ. "ಎಲ್ಲೂ ಇಲ್ಲ" ಅಂದರೆ ಮೊದಲಿಂದ ಕೇಳಿ ನೋಡಿ. ಗೊಂಚಲು ಅದಕ್ಕೂ ಮುಂಚೆಯೇ ಎಲ್ಲೋ ಒಂದು ಕಡೆ ಝಣ್ ಅಂದಿರುತ್ತದೆ.